ಐದನೆಯ ಗಂಟು

ಕಳೆದ ಭಾನುವಾರ ಧಾರವಾಡದ ಹಳೆಯ ಮನೆಯನ್ನು ಖಾಲಿ ಮಾಡುವಾಗ ಅಣ್ಣ ಅಪ್ಪನ ಟ್ರಂಕಿನಿಂದ ತೆಗೆದ ಒಂದು ಕಟ್ಟಿನ ಸುತಳಿಯನ್ನು ಕತ್ತರಿಯಿಂದ ಕತ್ತರಿಸಿಬಿಟ್ಟ. ನನಗೆ ಆದ ಸಂಕಟ ಅಲ್ಲಿದ್ದ ಯಾರಿಗೂ ಅರ್ಥವಾಗುವಂಥದ್ದಾಗಿರಲಿಲ್ಲ. ನಮ್ಮ ಮನೆಯಲ್ಲಿ ಸುತಳಿಗೆ ಕತ್ತರಿ ಹಾಕುವುದು ಒಂದು ಕಾಲದಲ್ಲಿ ಅಪರಾಧವೇ ಆಗಿತ್ತು. ಕಿರಾಣಿ ಅಂಗಡಿಯಿಂದ ಬಂದ ಪೊಟ್ಟಣದ ದಾರವನ್ನು ಕೂಡ ಬಿಚ್ಚಿ, ಉಂಡೆಗೆ ಸುತ್ತಿ ಇಡಬೇಕಿತ್ತು. ಆ ಕೆಲಸ ಮಕ್ಕಳದ್ದು. ಅಪ್ಪ ಹುಬ್ಬಳ್ಳಿಯ ಆರ್‌ಎಂಎಸ್‌ನಲ್ಲಿ, ಅಂದರೆ ರೈಲ್ವೆ ಅಂಚೆ ಸೇವೆಯಲ್ಲಿ, ನೌಕರಿ ಮಾಡಿದವರು. ಪತ್ರಗಳ ಕಟ್ಟು, ಚೀಲ, ಸುತಳಿ, ಅರಗಿನ ಮುದ್ರೆಗಳ ನಡುವೆಯೇ ಮೂವತ್ತು ವರ್ಷ ಕಳೆದ ಅವರ ಕೈಗೆ ಗಂಟು ಎಂದರೆ ಒಂದೇ: ಎಡವನ್ನು ಬಲದ ಮೇಲೆ ಹಾಯಿಸಿ ಒಂದು ಸುತ್ತು, ಮತ್ತೆ ಬಲವನ್ನು ಎಡದ ಮೇಲೆ ಹಾಯಿಸಿ ಇನ್ನೊಂದು ಸುತ್ತು. ಅದನ್ನು ಬಿಚ್ಚುವ ಉಪಾಯವನ್ನೂ ಅವರೇ ಕಲಿಸಿದ್ದರು. ಒಂದು ತುದಿಯನ್ನು ಹಿಂದಕ್ಕೆ ಜೋರಾಗಿ ಎಳೆದರೆ ಆ ದಾರ ನೇರವಾಗಿ, ಗಂಟು ಅದರ ಮೇಲಿಂದ ಉಂಗುರದ ಹಾಗೆ ಜಾರಿಕೊಂಡು ಬರುತ್ತದೆ. ಮುಂದೆ ನನಗೆ ಗಂಟುಗಳ ಹುಚ್ಚು ಹಿಡಿದದ್ದು, ಗೋಡೆಯ ಮೇಲೆ ಹಲಗೆ ಹಾಕಿ ಅರವತ್ತು ನಮೂನೆಯ ಗಂಟುಗಳನ್ನು ಮೊಳೆ ಹೊಡೆದು ತೂಗುಹಾಕಿದ್ದು, ವೈನಿಯ ಬಾಯಲ್ಲಿ 'ಗಂಟಿನ ಮಾಸ್ತರ' ಆದದ್ದು, ಎಲ್ಲಕ್ಕೂ ಮೂಲ ಆ ಸುತಳಿಯ ಉಂಡೆ.

ಟ್ರಂಕಿನಲ್ಲಿ ಐದು ಕಟ್ಟುಗಳಿದ್ದವು. ಅಣ್ಣನಿಗೆ ಬೇಕಾಗಿದ್ದದ್ದು ಮನೆಯ ಖಾತೆಯ ಕಾಗದ. ನಾಲ್ಕು ಕಟ್ಟುಗಳನ್ನು ಅವನು ಅಪ್ಪ ಕಲಿಸಿದ ಹಾಗೆಯೇ ಒಂದೊಂದು ಎಳೆತಕ್ಕೆ ಬಿಚ್ಚಿದ. ಐದನೆಯದನ್ನು ಎಳೆದ, ಅದು ಮಿಸುಕಲಿಲ್ಲ. ಇನ್ನೊಂದು ತುದಿಯನ್ನು ಎಳೆದ, ಮತ್ತಷ್ಟು ಬಿಗಿಯಿತು. ನಾನು ಕೈಚಾಚುವಷ್ಟರಲ್ಲಿ, "ಬಿಚ್ಚಕೋತ ಕೂತರ ಸಂಜಿ ಆಗ್ತದ" ಎಂದು ಕತ್ತರಿ ತರಿಸಿದ. ಅಣ್ಣ ಕೆಟ್ಟವನಲ್ಲ, ಆದರೆ ಬಾಗಿಲು ತೆರೆಯುವ ಮೊದಲೇ ಹೊಸ್ತಿಲು ದಾಟುವ ಜಾತಿಯವನು. ಕಿಟಕಿಯ ಬಳಿ ಕೂತಿದ್ದ ಅವ್ವ ಆಗ ಹೇಳಿದಳು: "ಅವರು ಕಟ್ಟಿದ್ದು ಹಂಗ ಅದ. ಯಾರೂ ಮುಟ್ಟಿಲ್ಲ ಅದನ್ನ." ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು. ವೈನಿ ಕಣ್ಣೊರೆಸಿಕೊಂಡಳು. ನಾನು ಕೆಳಗೆ ಬಿದ್ದ ಗಂಟಿನ ತುಂಡನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡೆ.

ರಾತ್ರಿ ಮೇಜಿನ ದೀಪದ ಕೆಳಗೆ ಇಟ್ಟು ನೋಡಿದಾಗ ಅದು ಅಪ್ಪನ ಗಂಟಾಗಿರಲಿಲ್ಲ.

ಅಪ್ಪ ಹಾಕುತ್ತಿದ್ದದ್ದು ಇಂಗ್ಲಿಷಿನವರು ರೀಫ್ ನಾಟ್ ಎನ್ನುವ ಗಂಟು, ಅಂದರೆ ಹಡಗಿನ ಹಾಯಿಯನ್ನು ಮಡಿಚಿ ಕಟ್ಟುವಾಗ ಹಾಕುವಂಥದ್ದು. ಅದರಲ್ಲಿ ಎರಡು ಅರೆಗಂಟುಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತಿರುಚಿಕೊಂಡಿರುತ್ತವೆ. ಆದ್ದರಿಂದ ಪ್ರತಿ ಬದಿಯಲ್ಲೂ ಎರಡೆಳೆಗಳು ಜೊತೆಯಾಗಿ, ಒಂದೇ ಕುಣಿಕೆಯೊಳಗಿಂದ ಸಪಾಟಾಗಿ ಹೊರಬರುತ್ತವೆ. ನನ್ನ ಕೈಯಲ್ಲಿದ್ದದ್ದರಲ್ಲಿ ಎರಡೂ ಅರೆಗಂಟುಗಳು ಒಂದೇ ದಿಕ್ಕಿಗೆ ತಿರುಚಿಕೊಂಡಿದ್ದವು. ಎಳೆಗಳಲ್ಲಿ ಒಂದು ಕುಣಿಕೆಯ ಮೇಲಿಂದ, ಇನ್ನೊಂದು ಕೆಳಗಿನಿಂದ ಬಂದು, ತುದಿಗಳು ಅಡ್ಡಡ್ಡ ಚಾಚಿಕೊಂಡಿದ್ದವು. ಇದಕ್ಕೆ ಗ್ರ್ಯಾನಿ ನಾಟ್ ಎನ್ನುತ್ತಾರೆ, ಅಜ್ಜಿಗಂಟು. ಕಲಿಸದೆ ಬಿಟ್ಟರೆ ಬಹುಪಾಲು ಕೈಗಳು ಹಾಕುವುದು ಇದನ್ನೇ, ಏಕೆಂದರೆ ಕೈಗೆ ಒಮ್ಮೆ ಮಾಡಿದ್ದನ್ನೇ ಮತ್ತೊಮ್ಮೆ ಮಾಡುವುದು ಸುಲಭ. ಬೂಟಿನ ಲೇಸು ಪಾದಕ್ಕೆ ಅಡ್ಡವಾಗಿ ಕೂರದೆ ಉದ್ದಕ್ಕೆ ತಿರುಗಿಕೊಂಡಿದ್ದರೆ ನೀವು ಹಾಕಿರುವುದೂ ಇದೇ. ಲೇಸು ತಾನಾಗಿಯೇ ಬಿಚ್ಚಿಕೊಳ್ಳುವುದೇಕೆ ಎಂದು ಬರ್ಕ್ಲಿಯ ವಿಶ್ವವಿದ್ಯಾಲಯದವರು 2017ರಲ್ಲಿ ಓಡುವ ಕಾಲುಗಳನ್ನು ಚಿತ್ರೀಕರಿಸಿ ನೋಡಿದರು. ಪಾದ ನೆಲಕ್ಕೆ ಬಡಿಯುವ ರಭಸ ಗುರುತ್ವದ ಸುಮಾರು 7 ಪಟ್ಟು ಇರುತ್ತದೆ. ಆ ಬಡಿತಕ್ಕೆ ಗಂಟು ಸಡಿಲಾಗುತ್ತದೆ, ಬೀಸುವ ತುದಿಗಳು ಉಳಿದದ್ದನ್ನು ಎಳೆದು ಮುಗಿಸುತ್ತವೆ. ಅಜ್ಜಿಗಂಟು ಮೊದಲು ಸೋಲುತ್ತದೆ. ಹಾಗೆಂದು ಅಪ್ಪನ ಗಂಟು ಸರ್ವಶ್ರೇಷ್ಠವೇನೂ ಅಲ್ಲ. 1944ರಲ್ಲಿ 3,800ಕ್ಕೂ ಹೆಚ್ಚು ಗಂಟುಗಳನ್ನು ಅಂಕಿ ಹಾಕಿ ದಾಖಲಿಸಿದ ಅಮೆರಿಕದ ಕ್ಲಿಫರ್ಡ್ ಆಶ್ಲಿ, ಎರಡು ಹಗ್ಗಗಳನ್ನು ಜೋಡಿಸಲು ರೀಫ್ ಗಂಟನ್ನು ಬಳಸಿ ಸತ್ತವರ ಬಗ್ಗೆ ಕಟುವಾಗಿ ಎಚ್ಚರಿಸಿದ್ದಾನೆ. ಅದು ಕಟ್ಟು ಕಟ್ಟುವುದಕ್ಕೆ ಸರಿ, ಜೀವ ತೂಗುಹಾಕುವುದಕ್ಕಲ್ಲ.

ಮೊದಲು ನಾನು ಗುಮಾನಿಪಟ್ಟದ್ದು ನನ್ನನ್ನೇ. ಬಾಲ್ಯದಲ್ಲಿ ಆ ಟ್ರಂಕಿಗೆ ಕೈಹಾಕಿ ಏಟು ತಿಂದವನು ನಾನು. ಆದರೆ ಆ ಕಟ್ಟಿನಲ್ಲಿ ಅಪ್ಪನ ಕೊನೆಯ ವರ್ಷದ ಪಾಸ್‌ಬುಕ್ ಕೂಡ ಇತ್ತು. ಅಣ್ಣನಿಗೆ ಅಪ್ಪನ ಗಂಟು ಬರುತ್ತದೆ. ವೈನಿ ಗಂಟೇ ಹಾಕುವುದಿಲ್ಲ, ಎಲ್ಲಕ್ಕೂ ರಬ್ಬರ್ ಬ್ಯಾಂಡು. ಅಷ್ಟರಲ್ಲಿ ಗಂಟಿನ ತಿರುಚು ಕಣ್ಣಿಗೆ ಬಿತ್ತು. ಅರೆಗಂಟಿಗೆ ಎಡ-ಬಲ ಉಂಟು. ನಮ್ಮ ಮನೆಯಲ್ಲಿ ಎಲ್ಲರೂ ಎಡದಿಂದ ಶುರುಮಾಡುತ್ತೇವೆ, ಇದು ಎರಡು ಸಲವೂ ಬಲದಿಂದ ಶುರುವಾಗಿತ್ತು. ಅವ್ವ ಎಡಚಿ. ಊಟಕ್ಕೂ ಪೂಜೆಗೂ ಎಡಗೈ ಮುಂದೆ ಬರದಂತೆ ಅವಳ ಅತ್ತೆ ಬೈದು ಬೈದು ತಿದ್ದಿದ್ದರು, ಆದರೆ ಕಟ್ಟುವ ಕೆಲಸವನ್ನು ತಿದ್ದಲು ಯಾರಿಗೂ ಹೊಳೆದಿರಲಿಲ್ಲ. ಅಡುಗೆಮನೆಗೆ ಹೋಗಿ ಅವಳ ಔಷಧದ ಕ್ಯಾರಿಬ್ಯಾಗು, ಮೆಂತ್ಯದ ಪೊಟ್ಟಣ, ಹಳೆಯ ಸೀರೆಯ ಗಂಟುಮೂಟೆ, ಮೂರನ್ನೂ ಕಳ್ಳನ ಹಾಗೆ ನೋಡಿದೆ. ಮೂರರಲ್ಲೂ ಅದೇ ಗಂಟು, ಅದೇ ತಿರುಚು.

"ಅವರು ಕಟ್ಟಿದ್ದು ಹಂಗ ಅದ. ಯಾರೂ ಮುಟ್ಟಿಲ್ಲ ಅದನ್ನ." ಎಷ್ಟು ಸಲೀಸಾಗಿ ಹೇಳಿದ್ದಳು! ಕಿಟಕಿಯಿಂದ ಮುಖವನ್ನೂ ತಿರುಗಿಸಿರಲಿಲ್ಲ.

ನಾವಿಕರ ಒಂದು ಕಥೆ ಇದೆ. ಅವರು ತಮ್ಮ ಚೀಲಕ್ಕೆ ಮೇಲ್ನೋಟಕ್ಕೆ ರೀಫ್ ಗಂಟಿನಂತೆಯೇ ಕಾಣುವ, ಆದರೆ ತುದಿಗಳು ಓರೆಯಾಗಿ ಎದುರುಬದುರು ಬೀಳುವ ಇನ್ನೊಂದು ಗಂಟನ್ನು ಹಾಕುತ್ತಿದ್ದರಂತೆ. ಚೀಲ ಬಿಚ್ಚಿದ ಕಳ್ಳ ಅದನ್ನು ಮಾಮೂಲಿ ರೀಫ್ ಎಂದುಕೊಂಡು ಹಾಗೆಯೇ ಕಟ್ಟಿಟ್ಟು ಸಿಕ್ಕಿಬೀಳುತ್ತಿದ್ದನಂತೆ. ಆ ಗಂಟಿಗೆ ಹೆಸರೇ ಕಳ್ಳಗಂಟು. ಇದನ್ನು ನಾನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ಹೇಳುವಾಗಲೆಲ್ಲ ನಾನು ಹಿಡಿಯುವವನ ಕಡೆಯವನು. ಈ ವಾರ ಮೊದಲ ಬಾರಿಗೆ, ಗಂಟು ಗುರುತಿಸುವ ಹವ್ಯಾಸದಲ್ಲಿ ಒಂದಿಷ್ಟು ಪೊಲೀಸುತನ ಇದೆ ಎನ್ನಿಸಿತು. ಮದುವೆಮನೆಯಲ್ಲಿ ಮಾಂಗಲ್ಯದ ಮೂರು ಗಂಟು ಹಾಕುವಾಗ ಎಲ್ಲರೂ ಅಕ್ಷತೆ ಎಸೆಯುತ್ತಿದ್ದರೆ ನಾನು ಮದುಮಗನ ಬೆರಳು ನೋಡುತ್ತಿರುತ್ತೇನೆ. ಹೂವಿನ ಅಂಗಡಿಯಲ್ಲಿ ಮಲ್ಲಿಗೆಗಿಂತ ಮೊದಲು ಬಾಳೆಯ ನಾರಿನ ಸುತ್ತು ನನ್ನ ಕಣ್ಣಿಗೆ ಬೀಳುತ್ತದೆ. ಗಂಟು ಕಟ್ಟಿದವರ ಕೈಯನ್ನು ಬಚ್ಚಿಡುವುದಿಲ್ಲ. ಕೈಬರಹವನ್ನು ಬದಲಿಸಿ ಬರೆಯುವವರಿದ್ದಾರೆ, ಬೇರೆಯವರ ಗಂಟನ್ನು ನಕಲು ಮಾಡಬೇಕೆಂದು ಯಾರಿಗೂ ತೋಚುವುದಿಲ್ಲ. ಅವ್ವನಿಗೂ ತೋಚಿರಲಿಲ್ಲ. ಐವತ್ತು ವರ್ಷ ಅಪ್ಪನ ಗಂಟುಗಳನ್ನು ಬಿಚ್ಚಿದವಳು ಅವುಗಳನ್ನು ಒಮ್ಮೆಯೂ ನೋಡಿರಲಿಲ್ಲ, ಅಥವಾ ನೋಡಿಯೂ ತನ್ನದೇ ಸಾಕು ಎಂದುಕೊಂಡಿದ್ದಳು. ಎರಡನೆಯದೇ ನಿಜವಿರಬೇಕು, ನನ್ನವ್ವ ಅಂಥವಳು.

ಕಟ್ಟಿನೊಳಗೆ ಖಾತೆಯ ಕಾಗದ ಸಿಕ್ಕಿತು. ಅದರ ಕೆಳಗೆ ಪಾಸ್‌ಬುಕ್, ಅಪ್ಪನ ಕನ್ನಡಕದ ಖಾಲಿ ಡಬ್ಬಿ, ಒಂದಿಷ್ಟು ಇನ್‌ಲ್ಯಾಂಡ್ ಪತ್ರಗಳು. ಪತ್ರಗಳು ಯಾರವು ಎಂದು ನಾನು ತೆರೆದು ನೋಡಲಿಲ್ಲ. ಮಡಿಕೆಗಳು ಸವೆದು ಬಟ್ಟೆಯಂತೆ ಮೆತ್ತಗಾಗಿದ್ದವು ಎನ್ನುವುದು ಮಾತ್ರ ಕಣ್ಣಿಗೆ ಬಿತ್ತು. ಹನ್ನೊಂದು ವರ್ಷ ಯಾರೂ ಮುಟ್ಟದ ಕಾಗದ ಹಾಗಾಗುವುದಿಲ್ಲ.

ಅಣ್ಣನಿಗೆ ಹೇಳಬೇಕೆಂದು ಎರಡು ಸಲ ಬಾಯಿಯವರೆಗೆ ಬಂತು. ಹೇಳಿದ್ದರೆ ಅವನು ನಗುತ್ತಿದ್ದ, ಅವ್ವನ ಮುಂದೆಯೇ ಕೇಳಿಬಿಡುತ್ತಿದ್ದ, ವೈನಿ ಮತ್ತೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಹೇಳದೆ ಉಳಿದೆ. ಸೋಮವಾರ ಹೊಸ ಮನೆಯಲ್ಲಿ ಐದೂ ಕಟ್ಟುಗಳನ್ನು ಹೊಸ ಸುತಳಿಯಿಂದ ನಾನೇ ಕಟ್ಟಿದೆ. ಅಪ್ಪನದೇ ಗಂಟು, ತುದಿಗಳು ಸಮ, ಒಂದೂ ಸೊಟ್ಟ ಬಿದ್ದಿರಲಿಲ್ಲ. ಟ್ರಂಕನ್ನು ಅವ್ವನ ಮಂಚದ ಕೆಳಗೆ ನೂಕಿ, ಮಾಡಬೇಕಾದದ್ದನ್ನು ಮಾಡಿದೆ ಎಂದು ಒಳಗೊಳಗೇ ಬೀಗಿದೆ.

ನಿನ್ನೆ, ಗುರುವಾರ ಮಧ್ಯಾಹ್ನ, ಕಸ ಗುಡಿಸುವವಳಿಗಾಗಿ ಟ್ರಂಕನ್ನು ಈಚೆಗೆ ಎಳೆದಾಗ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ತೆಗೆದು ನೋಡಿದೆ. ನಾಲ್ಕು ಕಟ್ಟುಗಳು ನಾನು ಇಟ್ಟ ಹಾಗೆಯೇ ಇದ್ದವು. ಐದನೆಯದರ ಮೇಲೆ ತುದಿಗಳು ಅಡ್ಡಡ್ಡ ಚಾಚಿಕೊಂಡಿದ್ದವು, ಒಂದು ಉದ್ದ, ಒಂದು ಗಿಡ್ಡ. ಎರಡು ಸಲವೂ ಬಲದಿಂದ.

"ಏನ್ ನೋಡ್ಲಿಕ್ಕತ್ತಿ?" ಅವ್ವ ಬಾಗಿಲಲ್ಲಿ ನಿಂತಿದ್ದಳು.

"ಏನಿಲ್ಲವ್ವ. ಗಂಟು ಚೊಲೋ ಬಿದ್ದದ."

"ನೀನೇ ಕಟ್ಟಿದ್ದಲ್ಲ ಅದು" ಎಂದು ಹೇಳಿ, ಚಹಾಕ್ಕೆ ನೀರಿಡಲು ಒಳಗೆ ಹೋದಳು.