ಟೆಸ್ಟೊಸ್ಟೆರಾನ್ ಕಡಿಮೆ ಅಂತ ರಿಪೋರ್ಟ್ ಬಂದರೆ ಊಟದಲ್ಲಿ ಏನು ನೋಡಬೇಕು

ಟೆಸ್ಟೊಸ್ಟೆರಾನ್ ಅಂದರೆ ಗಂಡಸರ ಮುಖ್ಯ ಲೈಂಗಿಕ ಹಾರ್ಮೋನ್. ಊಟ ಬದಲಿಸುವ ಮೊದಲು ರಿಪೋರ್ಟ್ ನಂಬುವಂಥದ್ದೇ ಅಂತ ನೋಡಿ. ಬೆಳಗ್ಗೆ ದೋಸೆ ತಿಂದು, ಕಾಫಿ ಕುಡಿದು, ಹನ್ನೊಂದೂವರೆಗೆ ರಕ್ತ ಕೊಟ್ಟರೆ ಆರೋಗ್ಯವಂತನಿಗೂ ಸಂಖ್ಯೆ ಕಡಿಮೆ ಬರಬಹುದು. 75 ಗ್ರಾಂ ಗ್ಲೂಕೋಸ್ ಕುಡಿದ ಗಂಡಸರಲ್ಲಿ ಟೆಸ್ಟೊಸ್ಟೆರಾನ್ ಒಂದೆರಡು ಗಂಟೆ ಸುಮಾರು ಕಾಲು ಭಾಗ ಇಳಿಯುತ್ತದೆ. ಹಾಗಾಗಿ ಖಾಲಿ ಹೊಟ್ಟೆಯಲ್ಲಿ, ಏಳರಿಂದ ಹತ್ತರೊಳಗೆ, ಬೇರೆ ಬೇರೆ ದಿನ ಎರಡು ಸಲ ಪರೀಕ್ಷೆ ಆಗಬೇಕು. ಜ್ವರ ಬಂದ ವಾರ ಬೇಡ. ಕೂದಲಿಗೆಂದು ಹೆಚ್ಚಿನ ಡೋಸ್ ಬಯೋಟಿನ್ (ಬಿ ಗುಂಪಿನ ಒಂದು ವಿಟಮಿನ್) ನುಂಗುತ್ತಿದ್ದರೆ ಲ್ಯಾಬಿನವರಿಗೆ ಹೇಳಿ. ಕೆಲವು ಯಂತ್ರಗಳಲ್ಲಿ ಅದು ಸಂಖ್ಯೆಯನ್ನು ಸುಳ್ಳಾಗಿ ಏರಿಸುತ್ತದೆ. ಎರಡು ಸಲವೂ ಡೆಸಿಲೀಟರಿಗೆ 300 ನ್ಯಾನೊಗ್ರಾಂಗಿಂತ ಕಡಿಮೆ ಬಂದು, ಲೈಂಗಿಕ ಆಸಕ್ತಿ ತಗ್ಗುವುದು, ಸುಸ್ತು ಮುಂತಾದ ಲಕ್ಷಣಗಳೂ ಇದ್ದರೆ ಮಾತ್ರ ಮುಂದಿನ ಮಾತು.

ಯುವಕರಲ್ಲಿ ಇದರ ದೊಡ್ಡ ಕಾರಣ ಹೊಟ್ಟೆಯ ಬೊಜ್ಜು. ಬೊಜ್ಜು ಬಂದಾಗ ಇನ್ಸುಲಿನ್ ಏರುತ್ತದೆ, ರಕ್ತದಲ್ಲಿ ಟೆಸ್ಟೊಸ್ಟೆರಾನನ್ನು ಹೊತ್ತು ತಿರುಗುವ ಪ್ರೋಟೀನು ಇಳಿಯುತ್ತದೆ. ಅದರಿಂದ ಒಟ್ಟು ಸಂಖ್ಯೆ ತಗ್ಗಿ ಕಾಣುತ್ತದೆ, ಕೆಲಸಕ್ಕೆ ಸಿಗುವ ಭಾಗ ಸರಿಯಾಗಿಯೇ ಇದ್ದರೂ. ತೂಕ ತೀರಾ ಹೆಚ್ಚಿದರೆ ಆ ಭಾಗವೂ ಇಳಿಯುತ್ತದೆ. ಸೊಂಟದ ಸುತ್ತಳತೆ 90 ಸೆಂ.ಮೀ. ದಾಟಿದ್ದರೆ ಮೊದಲ ಮದ್ದು ತೂಕ ಇಳಿಸುವುದು: ದಿನಕ್ಕೆ 400–500 ಕ್ಯಾಲೊರಿ ಕಡಿತ, ಎರಡನೇ ಸಲ ಬಡಿಸಿಕೊಳ್ಳುವ ಅನ್ನಕ್ಕೆ ವಿರಾಮ, ಸಕ್ಕರೆ ಹಾಕಿದ ಕಾಫಿ, ಜ್ಯೂಸ್, ಬೇಕರಿ ತಿಂಡಿ ಬಂದ್. ತೂಕ ಇಳಿದಷ್ಟೂ ಸಂಖ್ಯೆ ಏರುತ್ತದೆ.

ಇದರ ಉಲ್ಟಾ ತಪ್ಪು ಜಿಮ್‌ನಲ್ಲಿ ಕಾಣುತ್ತದೆ. ಸಿಕ್ಸ್ ಪ್ಯಾಕ್ ಬೇಕೆಂದು ಕೋಳಿ ಎದೆಮಾಂಸ, ಮೊಟ್ಟೆಯ ಬಿಳಿ, ಸೌತೆಕಾಯಿ ಬಿಟ್ಟು ಬೇರೇನೂ ಮುಟ್ಟದವರಿಗೆ ಲೈಂಗಿಕ ಆಸಕ್ತಿ ಹೋಗಬಹುದು, ಚಳಿ ಹೆಚ್ಚಬಹುದು. ಅಮೆರಿಕದ ಸೇನೆಯ ರೇಂಜರ್ ತರಬೇತಿಯಲ್ಲಿ ಅರೆಹೊಟ್ಟೆಯ ಗಟ್ಟಿಮುಟ್ಟು ಯುವಕರ ಟೆಸ್ಟೊಸ್ಟೆರಾನ್ ನೆಲ ಕಚ್ಚಿತ್ತು; ಹೊಟ್ಟೆ ತುಂಬಾ ಊಟ ಸಿಕ್ಕ ಮೇಲೆ ಬೇಗ ಚೇತರಿಸಿತು. ದೇಹಕ್ಕೆ ಬರಗಾಲ ಅನಿಸಿದರೆ ಮಿದುಳು ವೃಷಣಕ್ಕೆ ಕಳಿಸುವ ಸಂಕೇತವನ್ನೇ ತಗ್ಗಿಸುತ್ತದೆ. ಕೊಬ್ಬನ್ನು ಪೂರಾ ಬಿಡಬೇಡಿ: ಒಟ್ಟು ಕ್ಯಾಲೊರಿಯ ಕಾಲು ಭಾಗ, ಅಂದರೆ 2,200 ಕ್ಯಾಲೊರಿ ತಿನ್ನುವವರಿಗೆ 60 ಗ್ರಾಂ ಆಸುಪಾಸು, ಶೇಂಗಾ, ಎಳ್ಳು, ಮೀನು, ಇಡೀ ಮೊಟ್ಟೆಯಿಂದ ಬರಲಿ.

ಇನ್ನು ಸತು, ಜಿಂಕ್. 1950ರ ದಶಕದ ಕೊನೆಯಲ್ಲಿ ಡಾ. ಆನಂದ ಪ್ರಸಾದ್ ಇರಾನಿನ ಶಿರಾಜ್‌ನಲ್ಲಿ ಕುಳ್ಳಾಗಿ, ಪ್ರಾಯಕ್ಕೆ ಬಾರದೇ ಉಳಿದ ಯುವಕರನ್ನು ಕಂಡರು. ಅವರ ಊಟ ಹೆಚ್ಚಾಗಿ ಗೋಧಿ ರೊಟ್ಟಿ; ಅದರಲ್ಲಿನ ಫೈಟೇಟ್ (ಧಾನ್ಯ, ಕಾಳುಗಳಲ್ಲಿ ಸಹಜವಾಗಿರುವ ಒಂದು ಅಂಶ) ಜಿಂಕನ್ನು ಹಿಡಿದಿಟ್ಟು ಕರುಳಿಗೆ ಬಿಡುತ್ತಿರಲಿಲ್ಲ. ನಮ್ಮ ರಾಗಿ, ಬೇಳೆಯಲ್ಲೂ ಫೈಟೇಟ್ ಇದೆ, ಆದರೆ ಅದನ್ನು ಕಳೆಯುವ ಉಪಾಯ ನಮ್ಮ ಅಡುಗೆಮನೆಯಲ್ಲೇ ಇದೆ. ಕಾಳನ್ನು ರಾತ್ರಿಯಿಡೀ ನೆನೆಸಿ, ನೀರು ಚೆಲ್ಲಿ, ಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ಮೊಳಕೆ ಬರಿಸಿ. ರಾಗಿಯನ್ನೂ ಹಾಗೇ ಮೊಳಕೆ ಕಟ್ಟಿ, ಒಣಗಿಸಿ ಬೀಸಿಸಿದ ಹಿಟ್ಟು ಗಂಜಿಗೆ ಚೆನ್ನ. ಹುಳಿ ಬಂದ ಇಡ್ಲಿ-ದೋಸೆ ಹಿಟ್ಟೂ ಸಹಾಯಕ. ಗಂಡಸರಿಗೆ ಐಸಿಎಂಆರ್ ಹೇಳುವುದು ದಿನಕ್ಕೆ 17 ಮಿ.ಗ್ರಾಂ. ಕುರಿಮಾಂಸ, ಎಳ್ಳು, ಕುಂಬಳಬೀಜ, ಗೋಡಂಬಿಯಲ್ಲಿ ಚೆನ್ನಾಗಿದೆ. ಕೊರತೆ ಇಲ್ಲದವರಿಗೆ ಜಿಂಕ್ ಮಾತ್ರೆಯಿಂದ ಹೆಚ್ಚುವರಿ ಲಾಭವಿಲ್ಲ. ದಿನಕ್ಕೆ 40 ಮಿ.ಗ್ರಾಂ. ಮೀರಿ ತಿಂಗಳುಗಟ್ಟಲೆ ನುಂಗಿದರೆ ತಾಮ್ರದ ಕೊರತೆಯಾಗಬಹುದು.

ವಿಟಮಿನ್ ಡಿ ಕೊರತೆಯಿದ್ದರೆ ಮೂಳೆಗಾಗಿ ಸರಿಪಡಿಸಿಕೊಳ್ಳಿ, ಟೆಸ್ಟೊಸ್ಟೆರಾನ್ ಏರುತ್ತದೆಂದು ಅಲ್ಲ. ಸೋಯಾ ತಿಂದರೆ ಗಂಡಸುತನ ಹೋಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅಶ್ವಗಂಧಕ್ಕೆ ಸಣ್ಣ ಅಧ್ಯಯನಗಳ ಬೆಂಬಲವಷ್ಟೇ ಇದೆ, ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ. ಊಟ ಎಷ್ಟೇ ಸರಿಯಿದ್ದರೂ ದಿನಾ ಐದೇ ಗಂಟೆ ನಿದ್ದೆಯಾದರೆ ಒಂದೇ ವಾರದಲ್ಲಿ ಟೆಸ್ಟೊಸ್ಟೆರಾನ್ ಹತ್ತರಿಂದ ಹದಿನೈದು ಶೇಕಡಾ ಇಳಿದದ್ದು ಯುವಕರ ಮೇಲಿನ ಅಧ್ಯಯನದಲ್ಲೇ ಕಂಡಿದೆ.

ಮಗು ಬೇಕೆನ್ನುವವರು ಜಿಮ್‌ನಲ್ಲಿ ಸಿಗುವ ಟೆಸ್ಟೊಸ್ಟೆರಾನ್ ಇಂಜೆಕ್ಷನ್ ಹತ್ತಿರವೂ ಸುಳಿಯಬಾರದು. ಹೊರಗಿನಿಂದ ಹಾರ್ಮೋನ್ ಬಂದರೆ ವೀರ್ಯಾಣು ಉತ್ಪಾದನೆ ನಿಲ್ಲಬಹುದು. ಎರಡನೇ ಪರೀಕ್ಷೆಯೂ ಕಡಿಮೆ ಬಂದರೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳಾದ ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್, ಜೊತೆಗೆ ಥೈರಾಯ್ಡ್ ನೋಡಿಸಿ. ತಲೆನೋವು, ಕಣ್ಣು ಮಂಜು, ಸ್ತನದಲ್ಲಿ ಗಡ್ಡೆ ಅಥವಾ ನೋವು ಜೊತೆಗಿದ್ದರೆ ಊಟದ ಪ್ರಯೋಗಕ್ಕೆ ಕಾಯದೆ ಎಂಡೋಕ್ರಿನಾಲಜಿಸ್ಟ್ (ಹಾರ್ಮೋನ್ ತಜ್ಞರು) ಬಳಿ ಹೋಗಿ.