ಬುಧವಾರ ಮಧ್ಯಾಹ್ನದ ಪ್ರಶ್ನೆಗಳು

ಬ್ರಿಟನ್ ಪ್ರಧಾನಿ ವಿರೋಧ ಪಕ್ಷದವರ ಪ್ರಶ್ನೆಗೆ ಉತ್ತರ ಕೊಡುವುದನ್ನು ಯೂಟ್ಯೂಬ್‌ನಲ್ಲಿ ನೋಡುವುದು ಈಚೆಗೆ ನನಗೆ ಚಟವೇ ಆಗಿಬಿಟ್ಟಿದೆ. ಸಂಸತ್ತು ನಡೆಯುವ ವಾರಗಳಲ್ಲಿ ಬುಧವಾರ ಮಧ್ಯಾಹ್ನ 12ಕ್ಕೆ ಶುರು, ಹೆಚ್ಚುಕಮ್ಮಿ ಅರ್ಧ ಗಂಟೆ. ವಿರೋಧ ಪಕ್ಷದ ನಾಯಕರಿಗೆ ಆರು ಪ್ರಶ್ನೆ. ಅವರು ಏನು ಕೇಳುತ್ತಾರೆ ಅಂತ ಪ್ರಧಾನಿಗೆ ಮೊದಲೇ ಹೇಳಿರುವುದಿಲ್ಲ, ಹಾಗಾಗಿ ದಪ್ಪ ಫೈಲ್ ಹಿಡಿದುಕೊಂಡೇ ಬರುತ್ತಾರೆ. ಮೊದಲು ವಾರಕ್ಕೆ ಎರಡು ಸಲ 15 ನಿಮಿಷ ಇತ್ತಂತೆ, 1997ರಲ್ಲಿ ಟೋನಿ ಬ್ಲೇರ್ ಬಂದು ಒಂದೇ ಸಲ ಮಾಡಿದರು.

ಉತ್ತರ ಸಿಗುತ್ತದಾ ಅಂದರೆ, ಜಾಸ್ತಿ ಸಲ ಇಲ್ಲ. ಆಸ್ಪತ್ರೆ ಬಗ್ಗೆ ಕೇಳಿದರೆ 'ನಿಮ್ಮ ಸರ್ಕಾರ ಇದ್ದಾಗ ಏನು ಮಾಡಿದಿರಿ' ಅಂತ ತಿರುಗಿಸಿ ಕೇಳುತ್ತಾರೆ, ಹಿಂದೆ ಕೂತವರು ಹೋ ಅಂತ ಕೂಗುತ್ತಾರೆ. ಇದು ನಮಗೂ ಗೊತ್ತಿರುವ ಆಟವೇ, ಅಲ್ವಾ? ಆದರೂ ಪ್ರತಿ ವಾರ ಎದ್ದು ನಿಲ್ಲಲೇಬೇಕು ಅನ್ನುವುದು ನನಗೆ ಇಷ್ಟ.

ನಮ್ಮ ಲೋಕಸಭೆಯ ಪ್ರಶ್ನೋತ್ತರ ವೇಳೆಯಲ್ಲಿ ಪ್ರಶ್ನೆಯನ್ನು ಕನಿಷ್ಠ 15 ದಿನ ಮೊದಲೇ ಕೊಡಬೇಕು, ಸಚಿವರು ತಯಾರಾಗಿಯೇ ಬರುತ್ತಾರೆ. ನಿಜವಾದ ಮಜಾ ಇರುವುದು ಉಪಪ್ರಶ್ನೆಯಲ್ಲಿ, ಅಂದರೆ ಸಚಿವರ ಉತ್ತರ ಕೇಳಿದ ಮೇಲೆ ಅಲ್ಲೇ ಕೇಳುವ ಪ್ರಶ್ನೆಯಲ್ಲಿ. 2020ರ ಮುಂಗಾರು ಅಧಿವೇಶನದಲ್ಲಂತೂ ಕೋವಿಡ್ ಅಂತ ಆ ವೇಳೆಯನ್ನೇ ಕೈಬಿಟ್ಟರು.

ಅಂದಹಾಗೆ, 1957ರಲ್ಲಿ ಎಲ್‌ಐಸಿ ದುಡ್ಡನ್ನು ಉದ್ಯಮಿ ಹರಿದಾಸ್ ಮುಂದ್ರಾ ಅವರ ಕಂಪನಿಗಳಲ್ಲಿ ಹಾಕಿದ್ದರ ಬಗ್ಗೆ ಸದನದಲ್ಲಿ ಬೆನ್ನು ಹತ್ತಿ ಕೇಳಿದವರು ವಿರೋಧ ಪಕ್ಷದವರಷ್ಟೇ ಅಲ್ಲ, ಆಡಳಿತ ಪಕ್ಷದವರೇ ಆದ, ಪ್ರಧಾನಿ ನೆಹರೂ ಅವರ ಅಳಿಯ ಫಿರೋಜ್ ಗಾಂಧಿ! 1958ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಡಬೇಕಾಯಿತು.