‘ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ’ ಅನ್ನೋರಿಗೆ ಒಂದು ಲೆಕ್ಕ

ಮದುವೆ ಮಾತುಕತೆಯಲ್ಲಿ ರಕ್ತ ಪರೀಕ್ಷೆ ಅಂದರೆ ಸಾಕು, ನಮ್ಮ ಗದಗ ಕಡೆ ಹಿರಿಯರಿಗೆ ಸಿಟ್ಟು ಬರುತ್ತದೆ. ‘ನಮ್ಮ ಮನಿತನದಾಗ ಅಂಥಾದ್ದೇನೂ ಇಲ್ಲ ಬಿಡವಾ’ ಅಂತ ದೊಡ್ಡಪ್ಪ ಮೊನ್ನೆಯೂ ಮಾತು ಮುಗಿಸಿಬಿಟ್ಟರು. ಹುಡುಗ ಬೇರೆ ಸ್ವಂತ ಸೋದರಮಾವ, ಇನ್ನೇನು ಬೇಕು!

ರಕ್ತದ ಕಾಯಿಲೆ ಬೀಟಾ ಥಲಸ್ಸೀಮಿಯಾನೇ ತಗೊಳ್ಳಿ. ಒಂದೇ ಜೀನಿನ ದೋಷ, ಹುಟ್ಟಿನಿಂದ ಬರೋದು. ಅಪ್ಪನಿಂದ ಒಂದು ಪ್ರತಿ, ಅವ್ವನಿಂದ ಒಂದು. ಒಂದು ಕೆಟ್ಟು ಇನ್ನೊಂದು ಸರಿ ಇದ್ದರೆ ಮನುಷ್ಯ ಆರಾಮಾಗಿರುತ್ತಾನೆ, ಹೆಚ್ಚೆಂದರೆ ಸ್ವಲ್ಪ ರಕ್ತ ಕಡಿಮೆ. ಅವನೇ ವಾಹಕ. ಇಬ್ಬರು ವಾಹಕರು ಮದುವೆಯಾದರೆ ಚೌಕ ಬರೆದು ನಾಲ್ಕು ಮನೆ ಮಾಡಿ: ಒಂದರಲ್ಲಿ ಸರಿ-ಸರಿ, ಎರಡರಲ್ಲಿ ಸರಿ-ಕೆಟ್ಟ, ಒಂದರಲ್ಲಿ ಕೆಟ್ಟ-ಕೆಟ್ಟ. ಆ ಕೊನೇ ಮನೆಯ ಮಗುವಿಗೆ ಸಾಮಾನ್ಯವಾಗಿ 2ರಿಂದ 4 ವಾರಕ್ಕೊಮ್ಮೆ ರಕ್ತ ಹಾಕಿಸುತ್ತಿರಬೇಕು.

ಈ 25% ಪ್ರತಿ ಬಸಿರಿಗೂ ಹೊಸದು. ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಭಯವಿಲ್ಲ ಅನ್ನೋ ಹಾಗಿಲ್ಲ. ಇದೇ ನಾಲ್ಕು ಮನೆಯ ಲೆಕ್ಕ ಬಟಾಣಿ ಗಿಡಗಳಲ್ಲೂ ನಡೆಯುತ್ತದೆ: ಅನುವಂಶಿಕತೆಯ ನಿಯಮ ಕಂಡುಹಿಡಿದ ಮೆಂಡೆಲ್ ಎಣಿಸಿದ 929 ಗಿಡಗಳಲ್ಲಿ 705ಕ್ಕೆ ನೇರಳೆ ಹೂವು, 224ಕ್ಕೆ ಬಿಳಿ, ಹತ್ತಿರ ಹತ್ತಿರ ಮೂರು ನೇರಳೆಗೆ ಒಂದು ಬಿಳಿ. ಅಷ್ಟು ಗಿಡ ಇದ್ದಿದ್ದಕ್ಕೆ ಅದು ಕಂಡಿತು, ಒಂದು ಮನೆಯ ಮಕ್ಕಳಲ್ಲಿ ಎಲ್ಲಿ ಕಾಣಬೇಕು? ಇಬ್ಬರು ವಾಹಕರಿಗೆ ನಾಲ್ಕು ಮಕ್ಕಳಾಗಿ ಒಬ್ಬರಿಗೂ ರೋಗ ಬರದಿರುವ ಸಾಧ್ಯತೆ 256ರಲ್ಲಿ 81, ಅಂದರೆ ಸುಮಾರು 32%. ಅಂಥ ಮೂರು ಮನೆಗಳಲ್ಲಿ ಹೆಚ್ಚುಕಡಿಮೆ ಒಂದು ಮನೆಯವರು ಎದೆ ತಟ್ಟಿ ‘ನಮ್ಮಲ್ಲಿ ಯಾರಿಗೂ ಇಲ್ಲ’ ಅನ್ನಬಹುದು. ಸುಳ್ಳೂ ಅಲ್ಲ. ಆದರೆ ಮಕ್ಕಳಲ್ಲಿ ವಾಹಕರು ಇದ್ದೇ ಇರಬಹುದು, ಅಲ್ವಾ?

ಈಗ ಸೋದರಮಾವನ ವಿಷಯ. ಹುಡುಗಿ ವಾಹಕಳು ಅಂದುಕೊಳ್ಳಿ. ಆ ಜೀನು ಅವ್ವನಿಂದ ಬಂದಿರೋ ಸಾಧ್ಯತೆ ಅರ್ಧ. ಅವ್ವನಿಗಿದ್ದರೆ ಅವಳ ತಮ್ಮನಿಗೂ ಇರೋದು ಮತ್ತೆ ಅರ್ಧ. ಒಟ್ಟು ನಾಲ್ಕರಲ್ಲೊಂದು. ಸೋದರಮಾವನ ಮಗನಾದರೆ ಎಂಟರಲ್ಲೊಂದು. ಹೊರಗಿನ ಹುಡುಗನಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ಕಡಿಮೆ. ಸಂಬಂಧದಲ್ಲಿ ಕೊಡಲೇಬೇಡಿ ಅಂದರೆ ಕೇಳೋರು ಯಾರು, ಅದಕ್ಕೇ ಆ ಮಾತು ಎತ್ತಲ್ಲ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಎ2 (ಹಿಮೋಗ್ಲೋಬಿನ್‌ನ ಒಂದು ಬಗೆ) ಎಷ್ಟಿದೆ ನೋಡಿಸಿ ಅಂತೀನಿ, ಅಷ್ಟೇ. 3.5%ಕ್ಕಿಂತ ಜಾಸ್ತಿ ಬಂದರೆ ಸಾಮಾನ್ಯವಾಗಿ ವಾಹಕ ಅನ್ನೋ ಸುಳಿವು. ಇಬ್ಬರಲ್ಲಿ ಒಬ್ಬರು ಸರಿ-ಸರಿ ಆಗಿದ್ದರೂ ಕೆಟ್ಟ-ಕೆಟ್ಟ ಮಗು ಹುಟ್ಟೋಕೆ ದಾರಿಯೇ ಇಲ್ಲ. ಹಾಗಾಗಿ ಮೊದಲು ಹುಡುಗನದ್ದೇ ಮಾಡಿಸಿ. ಅವನದ್ದು ಸರಿ ಬಂದರೆ ಹುಡುಗಿಗೆ ಸುಮ್ನೆ ಕೆಟ್ಟ ಹೆಸರು ಬರೋದೂ ತಪ್ಪುತ್ತದೆ.